ಬಹನ್ ಬಕರ್ ಬರು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಶಬ್ದಗಳ ಮೂಲ ಕೆದಕುವ ಚಟ. ರೊಟ್ಟಿ ಆರಿ ಹೋಗುತ್ತಿದ್ದರೂ ‘ತಾಟು’ ಯಾವ ಭಾಷೆಯಿಂದ ಬಂತೆಂದು ಯೋಚಿಸುತ್ತ ಕೂಡುವವನು ನಾನು. ಧಾರವಾಡದಲ್ಲಿ ಕನ್ನಡ ಮಾಸ್ತರನಾಗಿದ್ದ ಆ ದಿನಗಳಲ್ಲಿ ನನ್ನ ಹೆಂಡತಿ ಗಂಗಾ ಸಗಣಿ ಕುಳ್ಳು, ಹಸಿ ಕಟ್ಟಿಗೆಯ ಒಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದಳು. ಹೊಗೆ ನಿಲ್ಲದಿದ್ದರೆ ಕಣ್ಣಿನ ಆಸೆ ಬಿಡಿ ಎಂದು ಡಾಕ್ಟರರು ಹೇಳಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ನಮ್ಮ ಹೊರಗಿನ ಖೋಲಿಯಲ್ಲಿ ಹರ್ಯಾಂತೊ ಎಂಬ ತರುಣ ಬಾಡಿಗೆಗಿದ್ದ. ಇಂಡೋನೇಶ್ಯಾದಿಂದ ಕೃಷಿ ಕಲಿಯಲು ಬಂದವನು; ಗಂಗಾಳನ್ನು ಅತ್ತಿಗೆಯಂತೆ ವೈನಿ ಎಂದು ಕರೆದು, ಅವಳಿಂದಲೇ ಕನ್ನಡ ಕಲಿತಿದ್ದ. ನಾಲ್ಕು ಎಮ್ಮೆ ಇವೆಯಲ್ಲ, ಹಿತ್ತಲಲ್ಲಿ ತಗ್ಗು ತೋಡಿ ಅವುಗಳ ಹೆಂಡಿ ಕಲಸಿ ಹಾಕಿ, ಮೇಲೆ ಕಬ್ಬಿಣದ ಡ್ರಮ್ಮು ಬೋರಲು ಹಾಕಿದರೆ ಅದರಲ್ಲಿ ಕೂಡುವ ಗ್ಯಾಸಿನಿಂದ ಹೊಗೆಯಿಲ್ಲದ ಉರಿ ಸಿಗುತ್ತದೆ ಎಂದ. ಬೇರೆ ಯಾರಾದರೂ ಆಗಿದ್ದರೆ ಗುದ್ದಲಿ ಹುಡುಕುತ್ತಿದ್ದರು. ನಾನು ಕೇಳಿದ್ದು, “ನಿಮ್ಮ ಭಾಷಾದಾಗ ಇದಕ್ಕ ಏನಂತಾರ?” ಅವನು ತುಸು ಯೋಚಿಸಿ ಮೂರು ಶಬ್ದ ಜೋಡಿಸಿ ಕೊಟ್ಟ: ಬಹನ್ ಬಕರ್ ಬರು.

ಮುಗಿಯಿತು ನನ್ನ ಕಥೆ. ಬಹನ್ ಎಂದರೆ ವಹನ, ಬಕರ್ ಎಂದರೆ ಭಾಸ್ಕರ ಎಂದು ತೀರ್ಮಾನಿಸಿದೆ. ಬರು ಅಂತೂ ಅಚ್ಚ ಕನ್ನಡ. ಸೂರ್ಯನ ಶಾಖ ಹೊತ್ತು, ಎಮ್ಮೆ ಇರುವ ತನಕ ಮತ್ತೆ ಮತ್ತೆ ಬರುವ ಉರುವಲು! ಹಳೇ ಹುಬ್ಬಳ್ಳಿಯಿಂದ ಬರುತ್ತಿದ್ದ ಉರ್ದು ಮಾಸ್ತರರಿಗೆ ಹೇಳಿದೆ. ‘ಬಹನ್’ ಎಂದದ್ದೇ ತಡ, ಯಾರ ತಂಗಿ ಎಂದು ಕೇಳಿದರು. ಇಂಥವರಿಗೆ ಏನು ಹೇಳುವುದು? ಮೂರು ವಾರ ಕೂತು ಹದಿನಾರು ಪುಟ ಬರೆದೆ. ಹಿತ್ತಲಲ್ಲಿ ಏನೋ ಅಗೆಯುವ ಸಪ್ಪಳ ಹೆಚ್ಚಾದಾಗ ಕಿಟಕಿ ಮುಚ್ಚಿಕೊಂಡೆ.

ಬರೆದು ಮುಗಿಸಿ ಅಡಿಗೆಮನೆಗೆ ಹೋದರೆ ಹೊಗೆಯೇ ಇಲ್ಲ. ನೀಲಿ ಉರಿಯ ಮೇಲೆ ಚಹಾ ಕುದಿಯುತ್ತಿತ್ತು. ಗಂಗಾ ನೆಟ್ಟಗೆ ಕೂತು ಕಣ್ಣು ಪೂರ್ತಿ ತೆರೆದು ನನ್ನನ್ನು ನೋಡಿದಳು. ತಗ್ಗು ತೋಡಿದವರು ಅವಳು ಮತ್ತು ಹರ್ಯಾಂತೊ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಆದರೂ ಚಟ ಬಿಡುತ್ತದೆಯೇ? ಅಲ್ಲೇ ಇದ್ದ ಇಬ್ಬರಿಗೂ ನನ್ನ ಸಿದ್ಧಾಂತ ಒಪ್ಪಿಸಿದೆ.

ಹರ್ಯಾಂತೊ ಬಹಳ ಸಂಕೋಚದಿಂದ ಹೇಳಿದ: “ಸರ್, ವೈನಿ ಬದನಿಕಾಯಿ ಸುಡತಾರಲ್ರಿ, ಅದ ಬಕರ್. ಬರು ಅಂದ್ರ ಹೊಸಾದು. ಬಹನ್ ಅಂದ್ರ ಸಾಮಾನು. ಕಟ್ಟಿಗಿ ಕಡಿಯೂ ಮುಂದ ಹಾರೂ ಚಕ್ಕಿಗೂ ಬಹನ್ ಅಂತೀವಿ.”

ಸುಡುವ ಹೊಸ ಸಾಮಾನು, ಅಷ್ಟೇ. ಭಾಸ್ಕರ ಅಲ್ಲೇ ಮುಳುಗಿದ.

“ಇರ್ಲಿ ಬಿಡ್ರಿ, ಹೆಸರು ಎಲ್ಲಿಂದರ ಬರವಲ್ದ್ಯಾಕ. ಉರಿ ನಮ್ಮ ಹಿತ್ತಲದಾಗಿಂದ ಬಂತಲ್ಲ,” ಎಂದಳು ಗಂಗಾ. ಆಮೇಲೆ ಕೈ ಒರೆಸಿಕೊಂಡು ನನ್ನ ಹದಿನಾರು ಪುಟಗಳನ್ನು ತಾನೇ ಓದತೊಡಗಿದಳು. ಎರಡನೆಯ ಪುಟಕ್ಕೆ ನಗು ಶುರುವಾಯಿತು. ಐದನೆಯದಕ್ಕೆ ಬರುವಷ್ಟರಲ್ಲಿ ಅವಳ ಕಣ್ಣಿನಿಂದ ಬಳಬಳ ನೀರು. ಹೊಗೆಯಿಲ್ಲದ ಮನೆಯಲ್ಲಿ ಆ ಕಣ್ಣೀರಿನ ಶ್ರೇಯಸ್ಸೆಲ್ಲ ನನ್ನ ಬರವಣಿಗೆಗೇ ಸಲ್ಲಬೇಕು.