ಹಳದಿ ಚೌಕದಲ್ಲಿ ಲಿಫ್ಟ್ ಸಾಹೇಬರು

"ಈ ಸಲ ಆ ಶಾಲೆಗೆ ಬುದ್ಧಿ ಕಲಿಸದೇ ಹೋದ್ರೆ ನನಗೆ ಬೇರೆ ಹೆಸರಿಡು" ಎಂದು ಲಿಫ್ಟ್ ಸಾಹೇಬರು ಬೇಸಿಗೆ ರಜೆಯ ಮೊದಲ ದಿನವೇ ಊಟದ ಮೇಜು ಕುಟ್ಟಿ ಹೆಂಡತಿಯ ಎದುರು ಶಪಥ ಮಾಡಿದರು. ಮೇಜಿನ ಮೇಲಿದ್ದ ನೀರಿನ ಲೋಟ ಉರುಳಿತು. ಅದಕ್ಕೂ ಶಾಲೆಯೇ ಕಾರಣ ಎಂಬಂತೆ ಲೋಟವನ್ನು ದುರುಗುಟ್ಟಿ ನೋಡಿದರು.

ಸಾಹೇಬರೆಂದರೆ ಸಿಂಹಾಸನದ ಮೇಲೆ ಕೂತವರೇನಲ್ಲ. ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸಿ ಬರುವ ಕೆಲಸ ಅವರದು. ಕೆಂಪು ಚೀಟಿ ಅಂಟಿಸಿದ ದಿನ ಅವರಿಗೆ ರಾತ್ರಿ ಒಳ್ಳೆಯ ನಿದ್ದೆ. ಕೋಪ ಮೂಗಿನ ತುದಿಯಲ್ಲೇ ಇತ್ತು, ಅದನ್ನು ಒಳಗಿಡಲು ಅವರು ಎಂದೂ ಪ್ರಯತ್ನಪಟ್ಟವರಲ್ಲ.

ಶಾಲೆಯ ಮೇಲೆ ಇಷ್ಟು ಸಿಟ್ಟು ಯಾಕೆಂದರೆ, ಆಗಷ್ಟೇ ಮುಗಿದ ಶಾಲಾ ವರ್ಷದ ಕೊನೆಯಲ್ಲಿ ಒಮ್ಮೆ ಅವರು ಆ ದಾರಿಯಲ್ಲಿ ಹೋಗುತ್ತಿದ್ದಾಗ ಕಣ್ಣಾರೆ ಕಂಡ ದೃಶ್ಯ. ಒಂದನೇ ಕ್ಲಾಸಿನ ತಮ್ಮ ಮಗಳು ಚಿಣ್ಣಿ ಪಕ್ಕದ ಮನೆಯ ಹೊಲಿಗೆ ಆಂಟಿಯ ಕೈ ಹಿಡಿದು ಕುಣಿಯುತ್ತಾ ಗೇಟು ದಾಟಿ ಬಂದಳು. ಗೇಟಿನ ಕಾವಲಿನವ "ನೀವು ಯಾರು" ಎಂದು ಕೇಳುವುದು ಹಾಗಿರಲಿ, ಆಂಟಿಗೆ ನಮಸ್ಕಾರ ಬೇರೆ ಹಾಕಿದ. ಸಾಹೇಬರ ಪಿತ್ತ ನೆತ್ತಿಗೇರಿತು.

"ರೀ, ವರ್ಷವಿಡೀ ಅವರೇ ತಾನೇ ಕರ್ಕೊಂಡು ಬಂದಿದ್ದು? ನೀವು ಒಂದು ದಿನ ಹೋಗಿದೀರಾ?" ಎಂದಳು ಹೆಂಡತಿ. ಆಕೆ ನಗರದ ಬಸ್ಸಿನ ಡ್ರೈವರ್. ದಿನವಿಡೀ ರಸ್ತೆಯ ಮೇಲೆ ಬೈಗುಳ ಕೇಳಿಸಿಕೊಂಡು ಬರುವುದರಿಂದ ಗಂಡನ ಕೂಗಾಟ ಅವಳಿಗೆ ಫ್ಯಾನಿನ ಸದ್ದಿದ್ದ ಹಾಗೆ.

"ಅದು ಬೇರೆ ವಿಷಯ. ಇದು ಸುರಕ್ಷತೆ."

ಮರುದಿನದ ಪೋಷಕರ ಸಭೆಯಲ್ಲಿ ಸಾಹೇಬರು ಎದ್ದು ನಿಂತು ಕಾವಲಿನವನ ಬೆವರಿಳಿಸಿದರು. "ಲಿಫ್ಟಿನ ಹಗ್ಗ ತುಂಡಾದ್ರೆ ಬ್ರೇಕು ಕಚ್ಚಿ ಹಿಡೀಬೇಕು. ಒಳಗೆ ಯಾರಿದ್ದಾರೆ ಅಂತ ಬ್ರೇಕು ಕೇಳುತ್ತಾ? ಗೇಟೂ ಹಾಗೇ ಇರ್ಬೇಕು" ಎಂದು ಗುಡುಗಿದರು. ಮುಖ್ಯೋಪಾಧ್ಯಾಯಿನಿ ತಾಳ್ಮೆಯಿಂದ ಎಲ್ಲವನ್ನೂ ಕೇಳಿ, "ಹಾಗಾದ್ರೆ ನಿಯಮಗಳನ್ನ ನೀವೇ ಬರ್ಕೊಡಿ" ಎಂದುಬಿಟ್ಟರು. ಹಾಗೆ ಹೇಳಿದರೆ ಯಾರೂ ಬರೆಯುವುದಿಲ್ಲ ಎಂಬುದು ಅವರ ಇಷ್ಟು ವರ್ಷಗಳ ಅನುಭವ. ಸಾಹೇಬರು ಬರೆದರು.

ರಜೆಯೆಲ್ಲ ಬರೆದರು. ಫೋನಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದರು. ಊಟದ ಹೊತ್ತಿನಲ್ಲಿ ಚಿಣ್ಣಿ ಪಕ್ಕದಲ್ಲಿ ಕೂತು, "ಅಪ್ಪಾ, ಆಂಟಿ ಮನೇಲಿ ಏನಾಯ್ತು ಗೊತ್ತಾ?" ಎನ್ನುವಳು. ಸಾಹೇಬರು "ಹೂಂ" ಎನ್ನುವರು. "ಅಪ್ಪಾ, ನಾನು ಒಂದು ಹೆಸರಿಟ್ಟೆ" ಎನ್ನುವಳು. "ಹೂಂ, ಹೂಂ. ಚಿಣ್ಣಿ, ಅಪ್ಪ ನಿನ್ನ ಸುರಕ್ಷತೆ ಬರೀತಿದೀನಿ, ಸುಮ್ನಿರು." ಆ ದಿನಗಳಲ್ಲೇ ಸೋಫಾದ ಕೆಳಗಿನಿಂದ ಗುರ್ ಎಂಬ ಸದ್ದು ಬರತೊಡಗಿತು. ಮೋಟರಿನ ಸದ್ದು ಕೇಳಿಯೇ ಹತ್ತನೇ ಮಹಡಿಯ ಬೇರಿಂಗ್ ಸವೆದಿದೆ ಎನ್ನಬಲ್ಲ ಸಾಹೇಬರು, "ಫ್ರಿಜ್ಜು ಕೆಟ್ಟಿದೆ ಕಣೇ, ರಿಪೇರಿಯವನನ್ನ ಕರೆಸು" ಎಂದು ಮತ್ತೆ ಫೋನಿಗೆ ತಲೆ ಬಗ್ಗಿಸಿದರು. ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಬಟ್ಟಲಿಗೆ ಕಾಲು ಹಾಕಿ ಜಾರಿದಾಗಲೂ, "ಈ ಮನೇಲಿ ಯಾವುದೂ ಜಾಗದಲ್ಲಿ ಇರಲ್ಲ" ಎಂದು ರೇಗಿದರೇ ಹೊರತು ಹಾಲು ನೆಲದ ಮೇಲೆ ಯಾಕಿತ್ತು ಎಂದು ಕೇಳಲಿಲ್ಲ.

ಶಾಲೆ ತೆರೆಯುವ ಹಿಂದಿನ ಸಂಜೆ ಎಲ್ಲ ಪೋಷಕರ ಫೋನಿಗೂ ಸಂದೇಶ ಬಂತು. ಹೊಸ ಶಾಲಾ ವರ್ಷಕ್ಕೆ ಸ್ವಾಗತ, ನೀರಿನ ಬಾಟಲಿಯ ಮೇಲೆ ಹೆಸರು ಬರೆಯಿರಿ ಇತ್ಯಾದಿಗಳ ಕೆಳಗೆ ಸುರಕ್ಷತಾ ನಿಯಮಗಳು. ಒಂದಕ್ಷರವೂ ಬದಲಾಗಿರಲಿಲ್ಲ. ಸಾಹೇಬರು ಎದ್ದು ನಿಂತು, ಪಟ್ಟಾಭಿಷೇಕದ ಘೋಷಣೆಯಂತೆ ಓದಿದರು.

"ಮಗುವನ್ನು ಕರೆದೊಯ್ಯಲು ಬಂದವರು ಗೇಟಿನ ಮುಂದಿನ ಹಳದಿ ಚೌಕದಲ್ಲಿ ಒಬ್ಬೊಬ್ಬರಾಗಿ ನಿಲ್ಲತಕ್ಕದ್ದು. ಮಗುವೇ ಒಂದು ಪ್ರಶ್ನೆ ಕೇಳತಕ್ಕದ್ದು. ಪ್ರಶ್ನೆ ಎಂಥದಿರಬೇಕೆಂದರೆ, ಹೊರಗಿನವರಿಗೆ ಉತ್ತರ ತಿಳಿದಿರಬಾರದು, ಮಗುವಿನ ಜೊತೆ ಬಾಳುವವರಿಗೆ ತಿಳಿಯದೇ ಇರಬಾರದು. ಮಗು ತಲೆಯಾಡಿಸಿದರೆ ಮಾತ್ರ ಗೇಟು ತೆರೆಯತಕ್ಕದ್ದು. ಉತ್ತರ ತಪ್ಪಿದರೆ, ಆ ವ್ಯಕ್ತಿಯನ್ನು ಬಲ್ಲ ಇನ್ನೊಬ್ಬರು ಬಂದು ಗುರುತಿಸುವ ತನಕ ಆತನನ್ನು ಚೌಕದಿಂದ ಕದಲಗೊಡತಕ್ಕದ್ದಲ್ಲ. ಒಮ್ಮೆ ಕೇಳಿದ ಪ್ರಶ್ನೆ ಮತ್ತೆ ಕೇಳತಕ್ಕದ್ದಲ್ಲ."

"ಇಷ್ಟೊಂದು ತಕ್ಕದ್ದು ಯಾಕ್ರೀ?" ಎಂದಳು ಹೆಂಡತಿ.

ಸಾಹೇಬರು ಅದನ್ನು ಕಿವಿಗೆ ಹಾಕಿಕೊಳ್ಳದೆ ಮಗಳತ್ತ ತಿರುಗಿದರು. "ನಾಳೆ ರಜೆ ಹಾಕಿದೀನಿ. ನಾನೇ ಬರ್ತೀನಿ. ಪ್ರಶ್ನೆ ಏನು ಅಂತ ನನಗೂ ಹೇಳಬೇಡ. ನಾನೇ ಬಂದು ಅತ್ತು ಕರೆದರೂ?"

"ಉತ್ತರ ಹೇಳದಿದ್ರೆ ಬರಲ್ಲ" ಎಂದಳು ಚಿಣ್ಣಿ, ಬಾಯಿಪಾಠ ಒಪ್ಪಿಸುವ ಹಾಗೆ. ಆಮೇಲೆ ಮೆಲ್ಲಗೆ, "ನಿಜವಾಗ್ಲೂ ಬರ್ತೀಯಾ? ಎಲ್ಲರಿಗೂ ಹೇಳ್ಲಾ?" ಎಂದಳು.

"ಹೇಳು. ಎಲ್ಲರಿಗೂ ಹೇಳು."

ಅವಳು ಹೇಳಿದಳು. ಮರುದಿನ ಮಧ್ಯಾಹ್ನ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಿನ ಮೊದಲಿಗರಾಗಿ ಹಳದಿ ಚೌಕದಲ್ಲಿ ಹೆಜ್ಜೆಯಿಟ್ಟಾಗ, ಗೇಟಿನ ಸರಳುಗಳ ಹಿಂದೆ ಇಡೀ ಎರಡನೇ ಕ್ಲಾಸು ಚಿಣ್ಣಿಯ ಅಪ್ಪನನ್ನು ನೋಡಲು ಮುಗಿಬಿದ್ದಿತ್ತು. ಗೇಟಿನಲ್ಲಿ ಅದೇ ಕಾವಲಿನವ. ಈ ಸಲ ನಮಸ್ಕಾರವಿಲ್ಲ. ಹೊಸ ಸೀಟಿ ಕೊರಳಲ್ಲಿ ತೂಗುತ್ತಿತ್ತು.

"ಕೇಳಮ್ಮ ಪ್ರಶ್ನೆ" ಎಂದ.

ಚಿಣ್ಣಿ ಮುಂದೆ ಬಂದಳು. ಮುಖದ ತುಂಬ ನಗು. ಎಲ್ಲಕ್ಕಿಂತ ಸುಲಭದ ಪ್ರಶ್ನೆಯನ್ನೇ ಆರಿಸಿದ್ದಳು. "ನನ್ನ ಬೆಕ್ಕಿನ ಮರಿ ಹೆಸರೇನು?"

ಸಾಹೇಬರು ಒಮ್ಮೆ ಕಣ್ಣು ಪಿಳುಕಿಸಿದರು. "ಯಾವ ಬೆಕ್ಕಿನ ಮರಿ?"

"ನಮ್ಮನೇದು."

"ನಮ್ಮನೇಲಿ ಬೆಕ್ಕೆಲ್ಲಿದೆ ಚಿಣ್ಣಿ?"

ಚಿಣ್ಣಿಯ ನಗು ಅಲ್ಲೇ ನಿಂತಿತು. "ಸೋಫಾ ಕೆಳಗೆ. ಆಂಟಿ ಕೊಟ್ಟಿದ್ದು. ನಿಂಗೆ ಹೇಳಿದ್ನಲ್ಲ ಅಪ್ಪ, ನೀನು ಹೂಂ ಅಂದ್ಯಲ್ಲ."

ಫ್ರಿಜ್ಜು, ಹಾಲಿನ ಬಟ್ಟಲು ಎಲ್ಲ ಸಾಹೇಬರ ತಲೆಯಲ್ಲಿ ಒಟ್ಟಿಗೆ ಬಂದು ನಿಂತವು. ಆದರೆ ಹೆಸರು ಮಾತ್ರ ಬರಲಿಲ್ಲ. "ಮುದ್ದು" ಎಂದರು. ಚಿಣ್ಣಿ ತಲೆಯಾಡಿಸಲಿಲ್ಲ. "ಕರಿಯ. ಬಿಳಿಯ. ಚುಕ್ಕಿ." ಬೆಕ್ಕಿನ ಬಣ್ಣವೂ ಅಪ್ಪನಿಗೆ ಗೊತ್ತಿಲ್ಲ ಎಂಬುದು ಎರಡನೇ ಕ್ಲಾಸಿಗೆ ಅರ್ಥವಾಗಿ, ಸರಳುಗಳ ಹಿಂದೆ ಕಿಸಕಿಸ ಶುರುವಾಯಿತು. ಚಿಣ್ಣಿ ನಗಲಿಲ್ಲ. ಅವಳ ಕೆಳದುಟಿ ಮುಂದೆ ಬಂತು. ಆ ಮುಖದ ಮೇಲೆ ಸಾಹೇಬರು ಗುರುತಿಸಬಲ್ಲ ಒಂದೇ ವಸ್ತುವಿತ್ತು: ಅವರದೇ ಕೋಪ.

"ಗೇಟು ತೆಗಿ" ಎಂದರು ಕಾವಲಿನವನಿಗೆ.

"ಮಗು ತಲೆಯಾಡಿಸಿಲ್ಲ ಸಾರ್."

"ನಾನು ಅವಳ ಅಪ್ಪ ಕಣಯ್ಯ."

"ಮಗೂನೇ ಅಪ್ಪ ಅಂತಿದೆ, ಇಲ್ಲ ಅನ್ನಲ್ಲ. ಆದ್ರೆ ಉತ್ತರ?"

"ಆ ನಿಯಮ ಬರೆದಿದ್ದೇ ನಾನು!"

"ಹಾಗಾದ್ರೆ ನಿಮಗೇ ಚೆನ್ನಾಗಿ ಗೊತ್ತಿರುತ್ತೆ. ಚೌಕದಿಂದ ಕಾಲು ಈಚೆ ಇಡಬೇಡಿ ಸಾರ್" ಎಂದು ಅವನು ಸೀಟಿಯನ್ನು ತುಟಿಗೆ ತಂದ. ಅವನ ಮುಖದಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ, ಸಾಹೇಬರಿಗೆ ಉರಿ ಹತ್ತಿದ್ದೇ ಅದಕ್ಕೆ.

ಹಿಂದೆ ಸಾಲು ಬೆಳೆಯಿತು. ಚೌಕ ಖಾಲಿಯಾಗದೆ ಇನ್ನೊಬ್ಬರು ನಿಲ್ಲುವಂತಿಲ್ಲ, ಸಾಹೇಬರು ಕದಲುವಂತಿಲ್ಲ. ಸ್ಕೂಟರುಗಳು ನಿಂತವು, ಅವುಗಳ ಹಿಂದೆ ಕಾರುಗಳು, ಕಾರುಗಳ ಹಿಂದೆ ಹಾರ್ನು. ಒಬ್ಬ ತಾಯಿ, "ನನ್ನ ಚಿಕ್ಕ ಮಗು ಮನೇಲಿ ಅಳ್ತಿದೆ" ಎಂದು ರೇಗಿದಳು. ಬೇಕರಿಯವನೊಬ್ಬ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಬಂದಿದ್ದ. "ಬ್ರೆಡ್ಡು ಒಲೇಲಿ ಬಿಟ್ಟು ಬಂದಿದೀನಿ. ಈ ಹಾಳು ನಿಯಮ ಬರೆದ ಪುಣ್ಯಾತ್ಮ ಯಾರ್ರೀ?" ಎಂದು ಕಿರುಚಿದ.

ಸಾಹೇಬರು ಆಕಾಶ ನೋಡಿದರು.

"ನಮ್ಮಪ್ಪ" ಎಂದಳು ಚಿಣ್ಣಿ.

ಆಮೇಲೆ ಅವರಿಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ. ಗಲಾಟೆ ಕೇಳಿ ಮುಖ್ಯೋಪಾಧ್ಯಾಯಿನಿ ಬಂದರು. "ನೀವು ಹೇಳಿ ಸಾರ್, ನಿಮಗೋಸ್ಕರ ನಿಯಮ ಸಡಿಲಿಸೋಣವಾ? ಬ್ರೇಕಿಗೆ ಒಳಗೆ ಯಾರಿದ್ದಾರೆ ಅಂತ ಸ್ವಲ್ಪ ಕೇಳಕ್ಕೆ ಹೇಳೋಣವಾ?"

ಸಾಹೇಬರು ಹಲ್ಲು ಕಡಿದರು. ಹೂಂ ಎಂದರೆ ರಜೆಯ ಶ್ರಮವೆಲ್ಲ ಮಣ್ಣುಪಾಲು. ಅದಕ್ಕಿಂತ ಹೆಚ್ಚಾಗಿ, ಉತ್ತರ ಹೇಳದಿದ್ದರೆ ಬರಲ್ಲ ಎಂದು ಕಲಿತ ಮಗಳು ಸರಳಿನಾಚೆ ಅವರನ್ನೇ ನೋಡುತ್ತಿದ್ದಳು. "ಬೇಡ" ಎಂದರು. ಹೆಂಡತಿಯ ಫೋನು ಸ್ವಿಚ್ಚಾಫ್. ಸ್ಟಿಯರಿಂಗ್ ಹಿಡಿದರೆ ಆಕೆ ಫೋನು ಮುಟ್ಟುವವಳಲ್ಲ.

"ಮಗೂನ ಕರ್ಕೊಂಡು ಹೋಗೋವ್ರು ಅಂತ ನೀವು ಕೊಟ್ಟ ಫೋಟೋಗಳಲ್ಲಿ ಮೂರನೆಯವರನ್ನ ಕರೆಸ್ತೀನಿ" ಎಂದರು ಮುಖ್ಯೋಪಾಧ್ಯಾಯಿನಿ.

"ಯಾವ ಮೂರನೇದು? ನಾವು ಇಬ್ಬರದೇ ಕೊಟ್ಟಿದ್ದು."

"ನಿಮ್ಮ ಮನೆಯವರು ಬಂದು ಇನ್ನೊಂದು ಕೊಟ್ಟು ಹೋದ್ರು. ನೀವು ಆಗ ಬರೆಯೋದರಲ್ಲಿ ಬಿಜಿ ಇದ್ರಂತೆ."

ಹೊಲಿಗೆ ಆಂಟಿ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದರು. ಚೌಕದಲ್ಲಿ ಜಾಗವಿಲ್ಲದ್ದರಿಂದ ಸಾಹೇಬರ ಪಕ್ಕ ಒಂದೇ ಕಾಲು ಊರಿ ನಿಂತರು. ಚಿಣ್ಣಿ ಅದೇ ಪ್ರಶ್ನೆ ಕೇಳಿದಳು. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಬಹುದೇ ಎಂದು ಕಾವಲಿನವ ಸಾಹೇಬರತ್ತ ನೋಡಿದ. ಸಾಹೇಬರು ಮೊದಲ ಬಾರಿಗೆ ನಿಯಮದ ವಿಷಯದಲ್ಲಿ ಕಣ್ಣು ಬೇರೆಡೆ ಹೊರಳಿಸಿದರು.

"ಗುರ್ರಪ್ಪ" ಎಂದರು ಆಂಟಿ.

ಚಿಣ್ಣಿ ಜೋರಾಗಿ ತಲೆಯಾಡಿಸಿದಳು. ಗೇಟು ತೆರೆಯಿತು.

"ಅದ್ಯಾವ ಹೆಸರು?" ಎಂದು ಸಾಹೇಬರಿಗೆ ಕೇಳದೆ ಇರಲಾಗಲಿಲ್ಲ.

ಆಂಟಿ ಟೇಪಿನ ತುದಿ ಸುತ್ತುತ್ತಾ, "ನೋಡಪ್ಪ, ನಾನು ಆ ಹೆಸರು ಬೇಡ ಅಂದೆ. ಚಿಣ್ಣೀನೇ, ಯಾರು ಹತ್ರ ಹೋದ್ರೂ ಗುರ್ ಅನ್ನುತ್ತೆ, ನಮ್ಮಪ್ಪನ ಹಾಗೇ ಇದೆ, ಅದಕ್ಕೇ ಇಷ್ಟ ಅಂದ್ಲು" ಎಂದವರೇ ಕಾವಲಿನವನತ್ತ ತಿರುಗಿದರು. "ಇವರು ನಮ್ಮ ಪಕ್ಕದ ಮನೆಯವರೇ. ಬಿಟ್ಟುಬಿಡಿ, ಕಚ್ಚಲ್ಲ."

ಹೀಗೆ, ಆಂಟಿಯ ಜಾಮೀನಿನ ಮೇಲೆ ಬಿಡುಗಡೆಯಾದ ಸಾಹೇಬರು ಮನೆಯತ್ತ ನಡೆದರು. ಮುಂದೆ ಆಂಟಿ ಮತ್ತು ಚಿಣ್ಣಿ ಕೈ ಕೈ ಹಿಡಿದು, ಹಿಂದೆ ಸ್ಕೂಲ್ ಬ್ಯಾಗು ಹೊತ್ತ ಇವರು. ಕೋಪ ಇಳಿದಿರಲಿಲ್ಲ. ಇಷ್ಟು ದಿನ ಶಾಲೆ, ಗೇಟು, ಕಾವಲಿನವ ಎಂದು ಹೊರಗೆ ಹೋಗುತ್ತಿದ್ದ ಕೋಪ ಈಗ ಹೋಗಲು ಜಾಗವಿಲ್ಲದೆ ಅವರ ಮೇಲೇ ತಿರುಗಿಬಿದ್ದಿತ್ತು. ಅದು ಇಷ್ಟು ಉರಿಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಸಂಜೆ ಹೆಂಡತಿ ಬಾಗಿಲಲ್ಲೇ ಚಪ್ಪಲಿ ಬಿಸಾಡಿ ಒಳಗೆ ಬಂದಳು. "ಯಾವನೋ ತಲೆಕೆಟ್ಟವನು ಸ್ಕೂಲ್ ಗೇಟಲ್ಲಿ ಅಡ್ಡ ನಿಂತು ಮೇನ್ ರೋಡ್ ತನಕ ಜಾಮ್ ಮಾಡಿದಾನೆ. ನನ್ನ ಬಸ್ಸು ಅಲ್ಲಾಡಲಿಲ್ಲ. ಪ್ಯಾಸೆಂಜರೆಲ್ಲ ನನಗೆ ಬೈದ್ರು. ಕೈಗೆ ಸಿಕ್ಕಿದ್ರೆ..."

"ನಮ್ಮಪ್ಪ" ಎಂದಳು ಚಿಣ್ಣಿ.

ಹೆಂಡತಿ ಗಂಡನನ್ನು ನೋಡಿದಳು, ಸೋಫಾದ ಕೆಳಗೆ ನೋಡಿದಳು. "ಬೇರೆ ಹೆಸರಿಡು ಅಂದಿದ್ರಲ್ಲ, ಮಗಳು ಇಟ್ಟಾಗಿದೆ" ಎಂದು ಒಳಗೆ ಹೋದಳು.

ಸಾಹೇಬರು ನೆಲದ ಮೇಲೆ ಕೂತರು. ಬೂದು ಬಣ್ಣದ ಮರಿಯೊಂದು ಸೋಫಾದ ಕೆಳಗಿನಿಂದ ಅವರತ್ತ ಗುರ್ ಎಂದಿತು. "ಚಿಣ್ಣಿ, ನಾಳೆಗೂ ರಜೆ ಹಾಕ್ತೀನಿ. ಈಗ ಹೆಸರು ಗೊತ್ತಾಯ್ತಲ್ಲ, ನಾನೇ ಬರ್ತೀನಿ."

"ನಾಳೆ ಅದನ್ನ ಕೇಳೋ ಹಾಗಿಲ್ಲ ಅಪ್ಪ. ನೀನೇ ಬರೆದಿದೀಯ."

"ಮತ್ತೆ ಏನು ಕೇಳ್ತೀಯ?"

"ಹೇಳಲ್ಲ. ಇವತ್ತು ನಾನು ಹೇಳೋದೆಲ್ಲ ಕೇಳಿಸ್ಕೋ, ಅದರಲ್ಲೇ ಇರುತ್ತೆ."

ಸಾಹೇಬರು ಫೋನನ್ನು ಕಪಾಟಿನ ಮೇಲಿಟ್ಟು ಬಂದು ಎದುರಿಗೆ ಕೂತರು. ಚಿಣ್ಣಿ ಶುರುಮಾಡಿದಳು. ಯಾರ ಪೆನ್ಸಿಲ್ ಯಾರು ಮುರಿದರು, ಯಾರ ಪಕ್ಕ ಯಾರು ಕೂರುವುದಿಲ್ಲ, ಯಾಕೆ ಕೂರುವುದಿಲ್ಲ, ಯಾರು ಬಾಟಲಿಯ ನೀರು ಚೆಲ್ಲಿ ಇನ್ನೊಬ್ಬರ ಹೆಸರು ಹೇಳಿದರು. ಸಾಹೇಬರು ಒಂದೂ ತಪ್ಪದಂತೆ ಬೆರಳು ಮಡಿಸುತ್ತಾ ಹೋದರು. ಬೆರಳುಗಳು ಮುಗಿದವು. ಬೆಕ್ಕಿನ ಮರಿ ಅವರ ತೊಡೆಯೇರಿ ನಿದ್ದೆ ಹೋಯಿತು. ಕೊನೆಗೆ ಚಿಣ್ಣಿ ನೀರು ಕುಡಿಯಲು ನಿಂತಾಗ ಅವರು ಹಣೆ ಒರೆಸಿಕೊಂಡು, "ಅಷ್ಟೇ ತಾನೇ?" ಎಂದರು.

"ಇಲ್ಲ ಅಪ್ಪ" ಎಂದಳು ಚಿಣ್ಣಿ ಲೋಟ ಕೆಳಗಿಟ್ಟು. "ಇದಿಷ್ಟು ಬೆಳಗ್ಗೆ ಮೊದಲ ಬೆಲ್ ಹೊಡೆಯೋಕೆ ಮುಂಚೆ ಆಗಿದ್ದು."