ಕುರಿಗಳಿಗೂ ಪಂಕ್ತಿಭೇದವೇ?

ನಗಬಾರದ ಕಡೆಯಲ್ಲೇ ನಗು ಬರುವುದು ನಮ್ಮ ಕಸುಬಿನ ಕರ್ಮ. ಚಿಕ್ಕಬಳ್ಳಾಪುರದ ಹತ್ತಿರದ ಲ್ಯಾಬೊಂದರಲ್ಲಿ ಕುರಿಗಳ ಹೊಟ್ಟೆಹುಳಕ್ಕೆ ಹೊಸ ಔಷಧಿ ಹುಡುಕುವುದು ನನ್ನ ಕೆಲಸ. ಆ ಹಾಳು ಹುಳ ಒಳಗೇ ಕೂತು ರಕ್ತ ಹೀರುತ್ತದೆ, ಕುರಿ ನಿಂತಲ್ಲೇ ಕುಸಿಯುತ್ತದೆ. ಹಳೇ ಔಷಧಿಗಳಿಗೆ ಅದು ಈಗ ಜಗ್ಗುವುದಿಲ್ಲ.

೧. ಐಸ್ ಡಬ್ಬಿ

ಹುಳದ ಮೊಟ್ಟೆ ಎಷ್ಟಿದೆ ಅಂತ ನೋಡಲು ಕುರಿ ಹಿಕ್ಕೆ ಬೇಕು. ಐಸ್ ಡಬ್ಬಿಯಲ್ಲಿ ಅದನ್ನು ತುಂಬಿಕೊಂಡು ಚಿಂತಾಮಣಿಯಲ್ಲಿ ಬಸ್ ಹತ್ತಿದೆ. ಶಿಡ್ಲಘಟ್ಟ ಬರುವವರೆಗೂ ಪಕ್ಕದ ಹೆಂಗಸಿನ ಕಣ್ಣು ಡಬ್ಬಿ ಮೇಲೇ.

“ಏನಮ್ಮ, ಮೀನಾ?”

“ಅಲ್ಲ, ಕುರಿ ಹಿಕ್ಕೆ.”

“ಹೇಳಕ್ಕೆ ಇಷ್ಟ ಇಲ್ದಿದ್ರೆ ಬಿಡಮ್ಮ. ನಾನೇನು ಒಂದು ತುಂಡು ಕೊಡು ಅಂದ್ನಾ?” ಎಂದು ಮುಖ ಊದಿಸಿಕೊಂಡು ಕಿಟಕಿ ಕಡೆ ತಿರುಗಿದಳು.

೨. ಅರ್ಧಕ್ಕೆ ನೀರು

ಚಿಂತಾಮಣಿ ಕಡೆಯ ಹಳ್ಳಿಯೊಂದರಲ್ಲಿ ಒಬ್ಬಳು ಅಜ್ಜಿ. ಗಂಡ ಹೋದ ಮೇಲೆ ಕುರಿಮಂದೆಯೇ ಅವಳ ಸಂಸಾರ. ಅದರಲ್ಲೂ ಮುಕ್ಕಾಲು ಪಾಲು ಹುಳಕ್ಕೆ ಹೋಗಿತ್ತು. ಉಳಿದವಾದರೂ ಬದುಕಲಿ ಅಂತ ನಮ್ಮ ಪರೀಕ್ಷೆಗೆ ಒಪ್ಪಿದ್ದಳು. ನಾನು ಬಾಟಲಿಗಳನ್ನು ಕೊಟ್ಟು ಹೇಳಿದೆ, “ನೀಲಿ ಬಣ್ಣ ಹಚ್ಚಿರೋ ಕುರಿಗೆ ಔಷಧಿ, ಕೆಂಪು ಬಣ್ಣದ್ದಕ್ಕೆ ಬರೀ ನೀರು.”

“ನೀರ್ಯಾಕಮ್ಮ?”

“ಹೋಲಿಸಿ ನೋಡಕ್ಕೆ ಅಜ್ಜಿ. ಔಷಧಿ ಕೊಡ್ದಿದ್ರೆ ಏನಾಗುತ್ತೆ ಅಂತ.”

“ಅದಕ್ಯಾಕೆ ನೀರು ಕುಡಿಸ್ಬೇಕು? ಬಾ, ಸತ್ತಿರೋವನ್ನ ಹೂತಿರೋ ಗುಂಡಿ ತೋರಿಸ್ತೀನಿ.”

೩. ಮುದ್ದೆ ಊಟ

ಕೆಲವು ವಾರ ಕಳೆದು ನೋಡಿದರೆ ನೀಲಿಗೂ ಕೆಂಪಿಗೂ ವ್ಯತ್ಯಾಸವೇ ಇಲ್ಲ. ಎರಡು ಕಡೆಯೂ ಕುರಿ ಸಾಯುತ್ತಿದ್ದವು. ಔಷಧಿ ಕೆಲಸಕ್ಕೆ ಬಾರದು ಅಂತ ಮೇಲಿನವರು ಕೈಬಿಡುವ ಮುಂಚೆ ನಮ್ಮ ಲ್ಯಾಬಿನ ಸಾಹೇಬರು ನನ್ನನ್ನು ಕರೆದುಕೊಂಡು, ಹೇಗೆ ಕುಡಿಸಿದಳು ಅಂತ ಕೇಳಲು ಅಜ್ಜಿ ಮನೆಗೆ ಓಡಿದರು.

“ಎಲ್ಲಾ ಬಾಟ್ಲಿನೂ ಒಂದೇ ಬಿಂದಿಗೆಗೆ ಸುರಿದು, ಎಲ್ಲಾದಕ್ಕೂ ಸಮ ಕುಡಿಸ್ದೆ,” ಅಂದಳು ಅಜ್ಜಿ. “ಒಂದೇ ಸಾಲಲ್ಲಿ ನಿಂತಿರೋವಕ್ಕೆ ಪಂಕ್ತಿಭೇದ ಮಾಡೋದಾ?”

ಸಾಹೇಬರು ತಲೆ ಮೇಲೆ ಕೈ ಹೊತ್ತು ಕೂತರು. “ಅರ್ಧ ಡೋಸಿಗೆ ಹುಳ ಸಾಯಲ್ಲ ಅಜ್ಜಿ. ಹಿಂಗೆ ಹಂಚಿದ್ರೆ ಯಾವ ಕುರೀನೂ ಉಳಿಯಲ್ಲ.”

ಅಜ್ಜಿ ಒಳಗೆ ಹೋಗಿ ಊಟಕ್ಕೆ ಎರಡು ತಟ್ಟೆ ಇಟ್ಟಳು. ಸಾಹೇಬರಿಗೆ ಬಿಸಿ ಮುದ್ದೆ, ಹುರುಳಿ ಸಾರು. ನನಗೆ ಖಾಲಿ ತಟ್ಟೆ, ಒಂದು ಲೋಟ ನೀರು.

“ಇದೇನಜ್ಜಿ?”

“ಹೋಲಿಸಿ ನೋಡಕ್ಕೆ.”

ನನಗೋ ಹೊಟ್ಟೆ ಚುರುಗುಟ್ಟುತ್ತಿತ್ತು, ಸಿಟ್ಟೂ ಬಂತು, ನಗುವೂ ಬಂತು. ಸಾಹೇಬರು ಮುದ್ದೆ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು.

“ನೋಡಿದ್ರಾ ಸ್ವಾಮಿ, ನಿಮ್ಮ ಕೈಲೂ ಆಗ್ಲಿಲ್ಲ,” ಅಂದಳು ಅಜ್ಜಿ. ಉಂಡು ಎದ್ದಾಗ ಕೇಳಿದಳು, “ಹೊಟ್ಟೆ ತುಂಬ್ತಾ?”

“ಇಬ್ರಿಗೂ ತುಂಬಲಿಲ್ಲ,” ಅಂದರು ಸಾಹೇಬರು.

ಅಜ್ಜಿ ದೊಡ್ಡಿ ಕಡೆ ನೋಡಿದಳು. ನೀಲಿ ಬಣ್ಣದ ಕುರಿಯೊಂದು ಮಲಗಿತ್ತು, ಕರೆದರೂ ತಲೆ ಎತ್ತಲಿಲ್ಲ. ಅವಳಿಗೆ ಈಗ ಅರ್ಥವಾಯಿತು ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು.

“ಇನ್ನೊಂದ್ಸಲ ಬನ್ನಿ,” ಅಂದಳು. “ಆದ್ರೆ ಔಷಧಿ ಮಾತ್ರ ತನ್ನಿ. ಸಾಯೋವಾಗ ಬಾಯಿಗೆ ಬಿಡೋ ನೀರು ನಮ್ಮನೇಲೇ ಇದೆ.”