ನನ್ನ ಹೆಬ್ಬೆರಳನ್ನು ಒಲ್ಲೆನೆಂದ ಹಾಜರಿ ಮಷೀನಿಗೆ

ಶ್ರೀಮನ್ಮಹಾ ಹಾಜರಿ ಮಷೀನಿನವರ ಸನ್ನಿಧಿಗೆ,
ಸೆಕ್ಯುರಿಟಿ ಕೋಣೆಯ ಗೋಡೆ, ನಮ್ಮ ವಾಲ್ವ್ ಕಾರಖಾನೆ, ಹುಬ್ಬಳ್ಳಿ.

ಮಾನ್ಯರೇ,

ತಮ್ಮ ಕೆಂಪು ದೀಪಕ್ಕೂ ಹಸಿರು ದೀಪಕ್ಕೂ ನವನಗರದ ಟರ್ನರ್ ಗುರುಪಾದನ ಶರಣು ಶರಣಾರ್ಥಿ. ಕಾರಖಾನೆಯೊಂದನ್ನು ಬಿಟ್ಟು ಇಲ್ಲಿ ಎಲ್ಲರೂ ಕ್ಷೇಮ. ತಮ್ಮ ಕರೆಂಟೂ ಕ್ಷೇಮವೆಂದು ನಂಬಿದ್ದೇನೆ.

ತಮಗೆ ತಿಳಿದಂತೆ, ಏಳು ತಿಂಗಳ ಹಿಂದೆ ಕಬ್ಬಿಣ ಕಡೆಯುವ ನಮ್ಮ ಲೇಥ್‌ಗಳನ್ನು ಲಾರಿಗೆ ಹೇರಿ ಬೇರೆ ರಾಜ್ಯಕ್ಕೆ ಕಳಿಸಿದ ಕಂಪನಿಯವರು, ಹೊಸ ಆರ್ಡರು ಬರುವತನಕ ದಿನಾ ಎಂಟಕ್ಕೆ ಗೇಟಿಗೆ ಬಂದು ತಮ್ಮ ಮೇಲೆ ಹೆಬ್ಬೆರಳು ಒತ್ತಿದವರಿಗೆ ಅರ್ಧ ಪಗಾರವೆಂದು ಅಪ್ಪಣೆ ಮಾಡಿದರು. ಅಂದಿನಿಂದ ಅರವತ್ತು ಜನ ನುರಿತ ಕೆಲಸಗಾರರು ಬಸ್ಸು ಹತ್ತಿ ಬಂದು, ಒತ್ತಿ, ಚಹಾ ಕುಡಿದು ಮನೆಗೆ ಹೋಗುತ್ತಿದ್ದೇವೆ. ನಮ್ಮಲ್ಲೀಗ ತಯಾರಾಗುವ ಏಕೈಕ ಮಾಲು ಹಾಜರಿ. ಕಚ್ಚಾ ಮಾಲು ನಾವೇ ತರುತ್ತೇವೆ, ಹೊಗೆಯಿಲ್ಲ, ಸದ್ದಿಲ್ಲ, ಗುಣಮಟ್ಟ ಅಪ್ಪಟ, ರಿಜೆಕ್ಟಾದ ಪೀಸು ನಾನೊಬ್ಬನೇ. ಈ ಸಲದ ದಸರೆಯ ಖಂಡೇಪೂಜೆಗೆ ಬೇರೆ ಮಷೀನೇ ಇಲ್ಲದ್ದರಿಂದ ತಮಗೇ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದೆವು. ಅಂದಿನಿಂದ ತಮಗೆ ತುಸು ಸೊಕ್ಕು ಬಂದಿದೆಯೆಂದು ಕಸ ಗುಡಿಸುವ ದುರಗವ್ವನ ಅಭಿಪ್ರಾಯ, ನಾನು ಒಪ್ಪಿಲ್ಲ.

ಆದರೆ ನಿನ್ನೆಯಿಂದ ನಾನು ಒತ್ತಿದಾಗಲೆಲ್ಲ ತಾವು ಕೆಂಪಗಾಗಿ, ಇಂಗ್ಲಿಷ್ ಬಲ್ಲ ಹೆಣ್ಣುದನಿಯಲ್ಲಿ ಇನ್ನೊಮ್ಮೆ ಪ್ರಯತ್ನಿಸು ಎನ್ನುತ್ತಿದ್ದೀರಿ. ತಪ್ಪು ತಮ್ಮದಲ್ಲ. ಇಪ್ಪತ್ತಾರು ವರ್ಷ ಕಬ್ಬಿಣದ ಜೊತೆ ಗುದ್ದಾಡಿ ನನ್ನ ಹೆಬ್ಬೆರಳಿನ ಗೆರೆಗಳೆಲ್ಲ ಸವೆದಿದ್ದಾಗ ತಾವು ಅದರ ಗುರುತು ಹಿಡಿದುಕೊಂಡವರು. ಈಗ ಕೆಲಸವಿಲ್ಲದೆ ಕೂತು ಗೆರೆಗಳು ಮತ್ತೆ ಹುಟ್ಟಿ, ನನಗೇ ನಾಚಿಕೆಯಾಗುವಷ್ಟು ಚೆಂದ ಕಾಣುತ್ತಿವೆ. ಮೂರು ದಿನ ಹಾಜರಿ ಬೀಳದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ನಾಳೆ ಮೂರನೆಯ ದಿನ. ನಾನೇ ಗುರುಪಾದನೆಂದು ಸೆಕ್ಯುರಿಟಿಯ ಹುಲಗೇಶ ಆಣೆ ಮಾಡಿ ಹೇಳಿದರೂ ತಮ್ಮ ಮಾತಿನ ಮುಂದೆ ಅದು ನಡೆಯುವುದಿಲ್ಲವಂತೆ.

ನಿನ್ನೆ ಬಟ್ಟೆ ಒಗೆಯುವ ಕಲ್ಲಿಗೆ ಹೆಬ್ಬೆರಳು ತಿಕ್ಕುತ್ತ ಕೂತಿದ್ದೆ. ನನ್ನ ಹೆಂಡತಿ ಗೌರಕ್ಕ ಮನೆಯಲ್ಲಿದ್ದ ಅಷ್ಟೂ ಪಾತ್ರೆ ತಂದು ಮುಂದಿಟ್ಟು, "ತಿಕ್ಕೂದ ಇದ್ರ ಭಾಂಡೆ ತಿಕ್ರಿ, ಬೆರಳೂ ಸವೀತೈತಿ, ನನ್ನ ಕೆಲಸಾನೂ ಆಕ್ಕೈತಿ" ಎಂದಳು. ತಿಕ್ಕಿದೆ. ಪಾತ್ರೆ ಹೊಳೆದವು, ಗೆರೆ ಹೋಗಲಿಲ್ಲ. ಅದನ್ನು ನೋಡಿ ಅವಳೇ ನನ್ನ ಹೆಬ್ಬೆರಳು ಹಿಡಿದು ಕಲ್ಲಿಗೆ ತಿಕ್ಕತೊಡಗಿದಾಗ ಮಾತ್ರ ನನಗೆ ಖರೇನೇ ಹೆದರಿಕೆಯಾಯಿತು.

ಆದ್ದರಿಂದ ಸವಿನಯ ಪ್ರಾರ್ಥನೆ: ತಾವು ಹೇಗೂ ಹೆಡ್ಡಾಫೀಸಿನ ಕಂಪ್ಯೂಟರಿನ ಜೊತೆ ದಿನವೂ ಮಾತಾಡುವವರು, ಒಂದು ಮಾತು ಹಾಕಿ ನನ್ನ ಲೇಥನ್ನು ವಾಪಸು ತರಿಸಿ. ಎರಡು ತಿಂಗಳ ಕೆಲಸ ಸಾಕು, ಗೆರೆಗಳನ್ನು ನಾನೇ ಸವೆಸಿಕೊಂಡು ಬಂದು ನಾನು ನಾನೇ ಎಂದು ರುಜುವಾತು ಮಾಡುತ್ತೇನೆ. ಅಲ್ಲಿಯತನಕ ನಾಳೆಯ ದಿನವನ್ನು ದಯಮಾಡಿ ಮುಂದಕ್ಕೆ ಹಾಕಬೇಕು.

ತಮ್ಮ ವಿಶ್ವಾಸಿ (ತಮಗೆ ನನ್ನಲ್ಲಿ ವಿಶ್ವಾಸವಿಲ್ಲದಿದ್ದರೂ),
ಗುರುಪಾದ

ತಾ.ಕ.: ಆರು ತಿಂಗಳಿಗೊಮ್ಮೆ ಬರುವ ದೊಡ್ಡ ಸಾಹೇಬರ ಹೆಬ್ಬೆರಳಿಗೆ ತಾವು ಮೊದಲ ಸಲಕ್ಕೇ ಹಸಿರಾಗುತ್ತೀರಂತೆ. ಅಭಿನಂದನೆಗಳು. ನಮ್ಮ ಲೇಥ್‌ಗಳನ್ನು ಲಾರಿ ಹತ್ತಿಸಿದ ಕಾಗದಕ್ಕೆ ಸಹಿ ಮಾಡಿದ್ದು ಅದೇ ಕೈ. ಒಂದು ಗೆರೆಯೂ ಸವೆದಿಲ್ಲ.